ಬಿಲ್ಲೆ

ಜರಿ ಕಂಪನಿಗೆ ಇಪ್ಪತ್ತೈದು ತುಂಬಿತೆಂದು
ಮಗ್ಗದವರನ್ನೆಲ್ಲ ಜೋಡಿಯಾಗಿ ಕರೆದಿದ್ದರು
ರೆಸಿಡೆನ್ಸಿ ರೋಡಿನ ಹೋಟೆಲಿಗೆ.
ಕಾರ್ಡಿನ ಮೇಲೆ ಮಿನುಗುವ ಅಕ್ಷರ: ಕ್ಯಾಸಿನೋ ನೈಟ್.
ಓದಿ, ಮಡಿಸಿ, ಅಕ್ಕಿ ಡಬ್ಬದ ಕೆಳಗಿಟ್ಟರು ಇವರು.
ತೆಗೆದು ಮತ್ತೆ ಓದಿದೆ ನಾನು.
"ಹೋಗೋಣ. ಕಬ್ಬನ್‌ಪೇಟೆ ಬಿಟ್ಟು
ಎರಡು ಮೈಲಿ ಆಚೆ ಏನಿದೆಯೋ ನೋಡೋಣ."

ಮೊದಲು ಊಟ.
ಹೆಸರು ಗೊತ್ತಿಲ್ಲದ ಸೊಪ್ಪು, ಬಣ್ಣ ಗೊತ್ತಿಲ್ಲದ ಸಾರು.
ಇವರು ನೂಡಲ್ಸನ್ನು ಮುಳ್ಳುಚಮಚಕ್ಕೆ ಸುತ್ತಿದ್ದನ್ನು
ಪಕ್ಕದ ಮೇಜಿನವರು ತಿನ್ನೋದು ಬಿಟ್ಟು ನೋಡಿದರು.
ಕಂಡಿಕೆಗೆ ನೂಲು ಸುತ್ತಿದ ಕೈ,
ಒಂದೆಳೆಯೂ ಜಾರಲಿಲ್ಲ.
ಕೊನೆಗೆ ಮೂಲೆಯಲ್ಲಿ ಸಿಕ್ಕಿತು ಮೊಸರನ್ನ,
ದಾಳಿಂಬೆ ಕಾಳಿನ ಕೆಳಗೆ ಬಚ್ಚಿಟ್ಟುಕೊಂಡು.

ಆಮೇಲೆ ಹಸಿರು ಬಟ್ಟೆಯ ಮೇಜು.
ಜೋಡಿಗೊಂದು ಚೀಲ, ಚೀಲದ ತುಂಬ ಬಿಲ್ಲೆ.
ಕೆಂಪಿಗೆ ಹತ್ತು, ನೀಲಿಗೆ ನೂರು, ಕರಿಯದಕ್ಕೆ ಸಾವಿರ.
"ಸುಮ್ನೆ ಆಟ ಸಾರ್, ನಿಜವಾದ ದುಡ್ಡಲ್ಲ"
ಅಂದ ಬೋ ಕಟ್ಟಿದ ಹುಡುಗ, ಚಕ್ರ ತಿರುಗಿಸುತ್ತ.
ಇವರು ಕೈ ಹಿಂದೆ ಕಟ್ಟಿಕೊಂಡರು.
"ಬರೀ ಗುಂಡಿ ಕಣ್ರೀ, ಪ್ಲಾಸ್ಟಿಕ್ಕು."
"ಅದಕ್ಕೇ ಭಯ" ಅಂದರು.
"ಆಗಲೂ ನನಗದು ದುಡ್ಡಾಗಿರಲಿಲ್ಲ, ಶಿವಗಂಗಾ."

ಆಗ ಅಂದರೆ
ಹನ್ನೊಂದು ವರ್ಷದ ಹಿಂದಿನ ದೀಪಾವಳಿ,
ನೂಲಿನ ಗೋಡೌನಿನ ಮಹಡಿ, ಅಂದರ್ ಬಾಹರ್,
ಮೂರು ರಾತ್ರಿ, ನನ್ನ ನಾಲ್ಕು ಬಳೆ.
ಬಿಡಿಸಿಕೊಂಡು ಬಂದಿದ್ದು ಎರಡನ್ನೇ,
ಅಷ್ಟರಲ್ಲಿ ನನ್ನ ಕೈ ದಪ್ಪವಾಗಿ
ಗೆಣ್ಣು ದಾಟಲಿಲ್ಲ ಅವು.
ಸೋಪು ಹಚ್ಚಿ ನೋಡಿದ್ದೆ. ಎಣ್ಣೆ ಹಚ್ಚಿಯೂ.

ಗಿರವಿ ಚೀಟಿಯ ಕೊನೆಯ ಎರಡಂಕಿ ಮೂವತ್ತೊಂದು.
ಒಂದು ಕರಿ ಬಿಲ್ಲೆ ಅದರ ಮೇಲಿಟ್ಟೆ.
ನಂಬರು ಕಂಡೊಡನೆ ಇವರ ಗಂಟಲು ಒಮ್ಮೆ ಏರಿ ಇಳಿಯಿತು.
ಗುಂಡು ಓಡಿತು, ಓಡಿತು,
ಎಡವಿತು,
ಕೂತಿತು.

"ಥರ್ಟಿ ಒನ್! ಮಿಸೆಸ್ ಚೌಡಪ್ಪ!"
ಮೈಕಿನವನು ಕಿರುಚಿದ. ಜರಿಯ ಸೇಠು ಕೂಡ ಚಪ್ಪಾಳೆ ತಟ್ಟಿದ.
ಹುಡುಗ ಕೋಲಿನಿಂದ ನನ್ನ ಕಡೆ ತಳ್ಳಿದ
ಬಿಲ್ಲೆಯ ಗೋಪುರ ಗೋಪುರ.
ಕಿವಿಯೊಳಗೆ ಏನೋ ಹಾಡಿತು.
ನಾನು ಹೇಳಲಿಲ್ಲ, ದೇವರಾಣೆ, ನನ್ನ ಕೈ ತಾನೇ ಎದ್ದು
ಅಷ್ಟನ್ನೂ ಮತ್ತೆ ಅದೇ ಮನೆಗೆ ಸರಿಸತೊಡಗಿತು.
ಆ ಕೈಯ ಮೇಲೆ ಬಂದು ಕೂತಿತು
ಇವರ ಕೈ. ತಣ್ಣಗಿತ್ತು.
ಹನ್ನೊಂದು ವರ್ಷ ನಾನು ಬೈದದ್ದು ಯಾರನ್ನು ಅಂತ
ಆಗ ಮುಟ್ಟಿ ನೋಡಿದ ಹಾಗಾಯಿತು.

"ಬಾ" ಅಂದರು, ಬೇರೆ ಎಲ್ಲೂ ಹೋಗಲು ತೋಚದೆ
ದೀಪ ಸುತ್ತುವ ನೆಲದ ಕಡೆ ಎಳೆದರು.
ಅಲ್ಲಿ ಹಾಡಿಗೆ ಮಾತೇ ಇರಲಿಲ್ಲ, ಬರೀ ಏಟು.
ಎಂಟನೇ ವಯಸ್ಸಿಗೆ ಅಪ್ಪನ ಗುಂಡಿಮಗ್ಗಕ್ಕಿಳಿದ ಕಾಲು
ಆ ಏಟನ್ನು ಗುರುತು ಹಿಡಿಯಿತು.
ತುಳಿ, ಬಿಡು, ತುಳಿ, ಬಿಡು,
ಮಂಡಿ ನೋವು ಎಲ್ಲಿ ಹೋಯಿತೋ!
ನಾನು ಈ ಅಂಚಿಂದ ಆ ಅಂಚಿಗೆ, ಲಾಳಿಯ ಹಾಗೆ.
ಹುಡುಗಿಯರು ಫೋನೆತ್ತಿ ವಿಡಿಯೋ ತೆಗೆದರು,
ತೆಗೆಯಲಿ.

ಹನ್ನೊಂದೂವರೆಗೆ ಆಟೋ, ಮೀಟರ್ ಮೇಲೆ ಐವತ್ತು.
ಬಹುಮಾನದ ಕುಕ್ಕರು ನಮ್ಮಿಬ್ಬರ ನಡುವೆ.
ಕಾರ್ಪೊರೇಷನ್ ಸಿಗ್ನಲ್ಲಿನಲ್ಲಿ ಕೆಂಪು.
ತುಂಟತನ ಇನ್ನೂ ಇಳಿದಿರಲಿಲ್ಲ ನನಗೆ:
"ಹತ್ತು ಎಣಿಸೋದರೊಳಗೆ ಹಸಿರಾದರೆ
ನಾಳೆ ಕಾಫಿ ನಿಮ್ಮದು. ಪಂದ್ಯ?"

ತುಂಬ ಹೊತ್ತು ಸುಮ್ಮನಿದ್ದರು.
"ಕಾಫಿ ನಾನೇ ಮಾಡ್ತೀನಿ" ಅಂದರು ಆಮೇಲೆ.
"ಪಂದ್ಯ ಬೇಡ."

ರವಿಕೆಯೊಳಗೆ ಕದ್ದು ತಂದ ಒಂದು ಕರಿ ಬಿಲ್ಲೆ
ಬೆಚ್ಚಗಾಗುತ್ತಿತ್ತು.
ಹೇಳಬೇಕು ಅಂದುಕೊಂಡೆ.
ಅಷ್ಟರಲ್ಲಿ ಹಸಿರು ಬಿತ್ತು.