ಒಂದರಿಂದ ಹತ್ತರೊಳಗೆ

ಆಸ್ಪತ್ರೆಯ ಹಳೇ ಎಕ್ಸ್‌ರೇ ಕೋಣೆ ಅದು.
ಯಂತ್ರ ಹೋಗಿದೆ, ಬಾಗಿಲ ಮೇಲಿನ ಬರಹ ಹೋಗಿಲ್ಲ:
‘ಗರ್ಭಿಣಿಯರು ಮೊದಲೇ ತಿಳಿಸತಕ್ಕದ್ದು.’
ಒಳಗೆ ನಾವು ಐದು ಜನ ಗಂಡಸರು,
ಮೂರು ತಿಂಗಳಿಗೊಮ್ಮೆ ಹೊಟ್ಟೆಗೆ ಸೂಜಿ ಹಾಕಿಸಿಕೊಂಡು
ಮೀಸೆ ಇದ್ದೂ ಹರೆಯದ ಹುಡುಗಿಯರಂತೆ ಮೊಲೆ ನೋಯುವವರು.
ಮೊದಲ ದಿನ ಅಮೀರ್ ಜಾನ್ ಆ ಬರಹ ಓದಿ
‘ತಿಳಿಸ್ಬಿಡೋಣ್ವಾ ಮೇಸ್ತ್ರಿ?’ ಅಂದ.
ನಕ್ಕೆವು. ನಕ್ಕಿದ್ದಕ್ಕೇ ಒಬ್ಬನ ಚಡ್ಡಿ ಒದ್ದೆಯಾಯಿತು,
ಅದು ಆಮೇಲೆ ಗೊತ್ತಾಯಿತು.

ಸಿಂಚನ, ನನ್ನ ಮೊಮ್ಮಗಳ ವಯಸ್ಸು,
ಪಾಂಡವಪುರದ ಕಡೆಯ ಮಾತು, ಕೊರಳಲ್ಲಿ ಸ್ಟಾಪ್‌ವಾಚು.
ಕುರ್ಚಿಯಿಂದ ಏಳಿ, ಕೂರಿ, ಏಳಿ,
ಕೈ ಊರಂಗಿಲ್ಲ ತಾತ, ಕೈ ಎದೆ ಮೇಲೆ.
ಮೂವತ್ತು ಸೆಕೆಂಡಿಗೆ ಒಂಬತ್ತು ಸಲ ಎದ್ದೆ.
ಒಂಬತ್ತು.
ಅಶೋಕಪುರಂ ವರ್ಕ್‌ಶಾಪಿನಲ್ಲಿ ಮೂವತ್ತಮೂರು ವರ್ಷ
ರೈಲು ಬೋಗಿಯ ಅಡಿ ಅಂಗಾತ ಮಲಗಿ
ತುಕ್ಕು ಹಿಡಿದ ನಟ್ಟು ಬಿಚ್ಚಿದ ಭುಜ ಇದು
ಎಂದು ಹೇಳಬೇಕೆನಿಸಿತು. ಯಾರಿಗೆ ಹೇಳುವುದು.
ಅವಳು ಹಾಳೆಯಲ್ಲಿ ಒಂಬತ್ತು ಬರೆದು ಕೆಳಗೆ ಗೆರೆ ಎಳೆದಳು.

ಪ್ರತಿ ಸುತ್ತಿನ ಕೊನೆಗೆ ಒಂದೇ ಪ್ರಶ್ನೆ:
‘ಎಷ್ಟು ಕಷ್ಟ ಆಯ್ತು, ಒಂದರಿಂದ ಹತ್ತರೊಳಗೆ?’
ಮೂರು, ಅಂದ ಪುಟ್ಟಬಸವಯ್ಯ, ಉಬ್ಬಸದಲ್ಲಿ.
ಮೂರು, ಅಂದ ಅಮೀರ್ ಜಾನ್.
ನಾನೂ ಮೂರು. ಗಂಡಸರ ಸಂಖ್ಯೆ ಅದು.
‘ಹಂಗಾದ್ರೆ ಸಲೀಸು’ ಅಂತ ಅವಳು
ಹಳದಿ ರಬ್ಬರ್ ಪಟ್ಟಿ ಬಿಚ್ಚಿ ಕೆಂಪು ಕಟ್ಟಿದಳು,
ಕೆಂಪಾದ ಮೇಲೆ ಹಸಿರು.
ಸುಳ್ಳಿಗೆ ಇಷ್ಟು ತೂಕವಿರುತ್ತದೆಂದು
ಅರವತ್ತೆಂಟು ವರ್ಷ ಯಾರೂ ನನಗೆ ತೋರಿಸಿರಲಿಲ್ಲ.

ನಾಲ್ಕನೇ ವಾರ. ಅಮೀರ್ ಜಾನ್ ಎದ್ದ, ನಿಂತ, ಹಾಗೇ ನಿಂತ.
ಬಿಳಿ ಪೈಜಾಮದ ಮೇಲೆ ಒಂದು ನಕ್ಷೆ ಹರಡುತ್ತಿತ್ತು.
ನನ್ನ ಬಾಟಲಿಯ ಮುಚ್ಚಳ ತೆರೆದಿತ್ತು,
ತೆರೆದಿತ್ತೆಂದೇ ಇಟ್ಟುಕೊಳ್ಳಿ,
ಅವನ ಮೇಲೂ ನನ್ನ ಮೇಲೂ ನೆಲದ ಮೇಲೂ ನೀರು.
‘ಥೂ, ಕೈ ನಡುಗ್ತದೆ ಕಣಮ್ಮ’ ಅಂದೆ.
ಸಿಂಚನ ಒರೆಸುವ ಬಟ್ಟೆ ತಂದಳು, ಏನೂ ಕೇಳಲಿಲ್ಲ.
ಮುಂದಿನ ಕ್ಲಾಸಿನಿಂದ ಪಾಠಕ್ಕೆ ಒಂದು ಹೊಸ ಸಾಲು:
ಕೆಳಗಿನ ಸ್ನಾಯು ಬಿಗಿ ಹಿಡಿಯಿರಿ, ಐದು ಎಣಿಸಿ, ಬಿಡಿ.
‘ಬಸ್ಸಲ್ಲೂ ಮಾಡಬಹುದು, ಯಾರಿಗೂ ಕಾಣಲ್ಲ.’
ಈಗ ಅಗ್ರಹಾರದ ಸಿಗ್ನಲ್ಲಿನಲ್ಲಿ ನಿಂತ ಸಿಟಿ ಬಸ್ಸಿನೊಳಗೆ
ಗಂಭೀರ ಮುಖದ ಮುದುಕರನ್ನು ಕಂಡರೆ
ನನಗೆ ಅನುಮಾನ.

ರಾತ್ರಿ ಬೇರೆ.
ಎರಡು ಗಂಟೆಗೆ ಹೊಟ್ಟೆಯಿಂದ ಏಳುವ ಕಾವು
ಕುತ್ತಿಗೆ ಹತ್ತಿ ಕಿವಿಗೆ ಬರುತ್ತದೆ,
ಬನಿಯನ್ ಹಿಂಡಿದರೆ ನೀರು.
ಫ್ಯಾನನ್ನು ಐದಕ್ಕೆ ತಿರುಗಿಸಿದೆ. ದೇವಾಜಮ್ಮ ಎದ್ದು ಕೂತಳು.
‘ನಂಗೂ ಹಿಂಗೇ ಆಗ್ತಿತ್ತು, ನಲವತ್ತೊಂಬತ್ತರಲ್ಲಿ.
ನೀವು ಚಳಿ ಅಂತ ಫ್ಯಾನ್ ಆರಿಸ್ತಿದ್ರಿ.’
ದೂರಿನ ದನಿಯಲ್ಲ. ಹಾಲಿನ ಲೆಕ್ಕ ಹೇಳಿದ ಹಾಗೆ.
ಒದ್ದೆ ಟವೆಲ್ಲು ತಂದು ಕುತ್ತಿಗೆಗೆ ಹಾಕಿದಳು.
ಎಷ್ಟು ಕಷ್ಟ ಆಗಿತ್ತು, ಒಂದರಿಂದ ಹತ್ತರೊಳಗೆ,
ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.
ಸೂಜಿ ತೆಗೆದುಕೊಂಡು ಹೋದದ್ದರ ಬಗ್ಗೆಯೂ
ನಾವು ಮಾತಾಡಿಲ್ಲ. ಟವೆಲ್ಲು ಬೆಚ್ಚಗಾಯಿತು,
ಮತ್ತೆ ನೆನೆಸಿ ತಂದಳು.

ಹನ್ನೆರಡನೇ ವಾರ ಹದಿಮೂರು ಸಲ ಎದ್ದೆ.
ಪಿಎಸ್‌ಎ ಎಷ್ಟೆಂದು ಡಾಕ್ಟರು ಹೇಳುತ್ತಾರೆ, ಅದು ಅವರ ಸಂಖ್ಯೆ,
ಹದಿಮೂರು ನನ್ನದು.
‘ಎಷ್ಟು ತಾತ?’
‘ಎಂಟು ಕಣಮ್ಮ’ ಅಂದೆ. ‘ಎಂಟೂವರೆ.’
ಪುಟ್ಟಬಸವಯ್ಯ ತಿರುಗಿ ನೋಡಿದ,
ಪಂಚೆ ಬಿಚ್ಚಿಹೋದವನನ್ನು ನೋಡಿದ ಹಾಗೆ.
ಅವಳು ಪಟ್ಟಿ ಬದಲಿಸಲಿಲ್ಲ.

ಭಾನುವಾರ ಕ್ಲಾಸಿಲ್ಲ. ಮನೆಯ ಕಿಟಕಿ ಸರಳು ಸಡಿಲ,
ನಾನೇ ಮಾಡಬೇಕಾದ ಕೆಲಸ, ಎರಡು ವರ್ಷದಿಂದ ಬಾಕಿ.
ಹಸಿರು ಪಟ್ಟಿಯ ಆ ತುದಿ ದೇವಾಜಮ್ಮನ ಮುಷ್ಟಿಯಲ್ಲಿ.
ಬೆನ್ನು ಗೋಡೆಗೆ ಒತ್ತಿ ಕೂತಿದ್ದಾಳೆ, ಒಲೆಯ ಮೇಲೆ ಸಾರು.
‘ಬೇಗ ಎಳೀರಿ’ ಅನ್ನುತ್ತಾಳೆ, ‘ಬೇಳೆ ಸೀದೋಯ್ತದೆ.’
ಎಳೆಯುತ್ತೇನೆ.
ಅಬ್ಬಾ, ಇವಳ ಕೈಯಲ್ಲಿ ಇಷ್ಟು ಬಲ ಇದ್ದದ್ದು.