ಅರ್ಧ ನೊಗ

(ವಿನಿಪೆಗ್, ೧೯೧೯ರ ಜೂನ್)

ಮುಚ್ಚಳಿಕೆಗೆ ಸಹಿ ಹಾಕದ ನಮ್ಮನ್ನು ಸಾಲಾಗಿ ನಿಲ್ಲಿಸಿ
ಸೀಟಿ, ಲಾಟಿ, ಬಿಲ್ಲೆ
ಮೇಜಿನ ಮೇಲೆ ಇಡಿಸಿಕೊಂಡರು.
ಹದಿನೇಳು ವರ್ಷ ಎದೆ ಮೇಲಿದ್ದ ನಲವತ್ತೊಂದನ್ನು
ಗುಮಾಸ್ತ ಉಗುರಿಂದ ಕೆರೆದು ನೋಡಿದ,
ಹಿತ್ತಾಳೆಯೇ ಎಂದು.

ನಮ್ಮ ಜಾಗಕ್ಕೆ ಬಂದವರಿಗೆ
ತೋಳಿಗೊಂದು ಪಟ್ಟಿ, ಕೈಗೊಂದು ದೊಣ್ಣೆ.
ದೊಣ್ಣೆ ಸಾಲದೆ, ಬಂಡಿಯ ನೊಗಗಳನ್ನೇ
ನಡುವಿಗೆ ಕೊಯ್ಸಿದ್ದರು.
ನೊಗ ಮುರಿದರೆ ಕುದುರೆಗೆ ಹಬ್ಬ
ಅನ್ನುತ್ತಿದ್ದ ನಮ್ಮಪ್ಪ.

ಪೋರ್ಟೇಜ್ ರಸ್ತೆಯ ತಿರುವಿನಲ್ಲಿ ಲಾಯನಲ್,
ಬ್ಯಾಂಕಿನ ಹುಡುಗ,
ಮುಷ್ಕರ ಸಮಿತಿಯ ಚೀಟಿ ಅಂಟಿಸಿಕೊಂಡ
ಹಾಲಿನ ಗಾಡಿಗೂ ಹೆದರುತ್ತ,
ಅರ್ಧ ನೊಗವನ್ನು ಛತ್ರಿಯ ಹಾಗೆ ಹಿಡಿದು ನಿಂತಿದ್ದ.
'ಸರ್, ಇದನ್ನ ಹೇಗೆ...'

ಸುಮ್ಮನೆ ಹೋಗಬಹುದಿತ್ತು.
ಕೈ ಕೇಳಲಿಲ್ಲ.
'ಗಂಟಿನ ಕೆಳಗೆ ಹಿಡಿ.
ತಲೆಗೆ ಬೇಡ, ತಲೆ ಒಡೆದರೆ ಹೋಯಿತು.
ಮೊಣಕಾಲಿಗೆ. ಅಡ್ಡಡ್ಡ. ಒಂದೇ ಏಟು.'
ಟೋಪಿ ಮುಟ್ಟಿ ಥ್ಯಾಂಕ್ಸ್ ಹೇಳಿದ.
ಮರ್ಯಾದಸ್ಥ ಹುಡುಗ.

ಶನಿವಾರ ಟ್ರಾಮ್ ಉರಿಯಿತು, ಕುದುರೆಗಳು ನುಗ್ಗಿದವು,
ಗುಂಡು ಹಾರಿತು.
ಅದೆಲ್ಲ ಪೇಪರಿನಲ್ಲಿದೆ.

ನಮ್ಮ ಮಹಡಿ ಮೇಲಿನ ಓಸಿಪ್, ಫೌಂಡ್ರಿಯವನು,
ತಲೆ ನೆಟ್ಟಗಿದೆ, ಟೋಪಿ ಕೂಡ ಕಳೆದಿಲ್ಲ.
ರಾತ್ರಿ ಪಾಳಿ ಮುಗಿಸಿ ಬರುತ್ತಾನೆ:
ಒಂದು ಮೆಟ್ಟಿಲು.
ಆಮೇಲೆ, ತಡವಾಗಿ, ಎಳೆದುಕೊಂಡ ಕಾಲು.
ಒಟ್ಟು ಹದಿನಾಲ್ಕು ಮೆಟ್ಟಿಲು.

ಹೆಂಡತಿ ದೀಪ ಸಣ್ಣ ಮಾಡುತ್ತ ಹೇಳುತ್ತಾಳೆ:
'ಯಾರೋ ಪುಣ್ಯಾತ್ಮ, ತಲೆಗೆ ಹೊಡೆಯಲಿಲ್ಲ ನೋಡಿ.'

ಹೂಂ ಅನ್ನುತ್ತೇನೆ,
ಗೋಡೆಯ ಕಡೆ ತಿರುಗಿ.