ಎರಡು ಬೆರಳಿನ ಸಡಿಲ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ
ಮೂರು ಮೆಟ್ಟಿಲಿಳಿದರೆ ನನ್ನ ಅಂಗಡಿ.
ಮೂವತ್ತೊಂದು ವರ್ಷದಿಂದ ಈ ಊರಿನ ಸೊಂಟವೆಲ್ಲ
ನನ್ನ ಪುಸ್ತಕದಲ್ಲಿದೆ, ಪೆನ್ಸಿಲಿನಲ್ಲಿ.
ಪೆನ್ಸಿಲು ಯಾಕೆಂದರೆ
ಅಳಿಸಬೇಕಾಗುತ್ತದೆ.

ನಲ್ಲೂರಿನ ಮಾಚಯ್ಯನವರ ಕರಿ ಕುಪ್ಯ ನಾನೇ ಹೊಲಿದದ್ದು,
ಆಗ ಚೇಲೆ ಎರಡೂವರೆ ಸುತ್ತು ಬರುತ್ತಿತ್ತು.
ಪ್ರತಿ ಪುತ್ತರಿಗೆ ಮುಂಚೆ ಬರುತ್ತಾರೆ:
"ಹಂಝಾ, ಬಟ್ಟೆ ಕುಗ್ಗಿದೆ ನೋಡು."
ಬೀರುವಿನೊಳಗೆ ಮಡಿಸಿಟ್ಟ ಬಟ್ಟೆ ಕುಗ್ಗುವುದು
ನಮ್ಮೂರಿನ ಹಳೇ ರೋಗ.
ನಾನು ಮಾತಾಡುವುದಿಲ್ಲ. ಪಕ್ಕದ ಹೊಲಿಗೆ ಬಿಚ್ಚಿ
ಒಳಮಡಿಕೆಯಿಂದ ಅರ್ಧ ಇಂಚು ಹೊರಗೆ ಬಿಡುತ್ತೇನೆ.

ಹೋದ ವರ್ಷ ಬಿಚ್ಚಿದರೆ ಒಳಮಡಿಕೆಯೇ ಇಲ್ಲ.
ಬಟ್ಟೆಯ ಅಂಚು, ಅದರಾಚೆ ಗಾಳಿ.
"ಮುಗೀತಾ?" ಅಂದರು.
"ಮುಗೀತು."
ಇಬ್ಬರೂ ಸುಮ್ಮನೆ ಕೂತೆವು.
ಹೊರಗೆ ವಿರಾಜಪೇಟೆ ಬಸ್ಸಿನವನೊಬ್ಬ ಕೂಗುತ್ತಲೇ ಇದ್ದ.

ಅದೇ ವಾರ ನನ್ನ ರಕ್ತದ ಚೀಟಿಯೂ ಬಂದಿತ್ತು.
ಸಕ್ಕರೆ ಗಡಿಯಲ್ಲಿದೆ ಎಂದರು ಡಾಕ್ಟರಮ್ಮ,
ಕುಟ್ಟದ ಚೆಕ್‌ಪೋಸ್ಟಿನ ಹಾಗೆ,
ಇನ್ನೊಂದು ಹೆಜ್ಜೆಗೆ ಬೇರೆ ರಾಜ್ಯ.
"ದಿನಕ್ಕೆ ಎಷ್ಟು ಹೊತ್ತು ಕೂರ್ತೀರಿ?"
ಟೈಲರನ್ನು ಕೇಳುವ ಪ್ರಶ್ನೆಯೇ ಇದು?
ಮೀನನ್ನು ಕೇಳಿ, ನೀರಿನಲ್ಲೆಷ್ಟು ಹೊತ್ತು ಎಂದು.

ದೇಹ ಹೊಲಿದವನೂ ಒಳಗೆ ಒಂದಷ್ಟು ಮಡಿಸಿಟ್ಟಿರುತ್ತಾನೆ,
ನಾವು ಬಿಡುತ್ತಾ ಬರುತ್ತೇವೆ,
ಒಂದು ಮದುವೆಗೆ ಅರ್ಧ ಇಂಚು, ಒಂದು ಮಳೆಗಾಲಕ್ಕೆ ಅರ್ಧ ಇಂಚು.

ಈಗ ಬೆಳಿಗ್ಗೆ ಆರಕ್ಕೆ ಕೀರೆಹೊಳೆ ಸೇತುವೆಯ ಹತ್ತಿರ
ಅವರು ಟೋಪಿ ಹಾಕಿ ನಿಂತಿರುತ್ತಾರೆ.
ಪೊನ್ನಂಪೇಟೆ ರಸ್ತೆಯಲ್ಲಿ ಎರಡನೇ ಮೈಲಿಗಲ್ಲು ಮುಟ್ಟಿ ವಾಪಸ್.
ಮುಟ್ಟಲೇಬೇಕು, ಕೈಯಿಂದ, ಬಗ್ಗಿ. ಅದು ಅವರ ಕಾನೂನು.
ಆನೆ ಇಳಿದಿದೆ ಎಂದು ಫೋನಿನಲ್ಲಿ ಸುದ್ದಿ ಬಂದ ದಿನ
ಅಂಗಡಿಯೊಳಗೇ ಸುತ್ತು:
ಮಿಷನ್ನಿಂದ ಇಸ್ತ್ರಿಮೇಜಿಗೆ ಹನ್ನೊಂದು ಹೆಜ್ಜೆ.
"ಆನೆಗೆ ಯಾಕೆ ಶುಗರಿಲ್ಲ ಗೊತ್ತಾ?
ಕೂರೋದಿಲ್ಲ ಅದು," ಎನ್ನುತ್ತಾರೆ,
ಕೂತುಕೊಂಡು.

ಒಂದು ತೋಳು ಜೋಡಿಸಿದರೆ ಏಳುತ್ತೇನೆ. ಇನ್ನೊಂದಕ್ಕೆ ಮತ್ತೆ.
ಪ್ಯಾಂಟು ಹಾಕುವಾಗ ಗೋಡೆ ಹಿಡಿಯುವುದಿಲ್ಲ,
ಒಂಟಿಕಾಲಿನಲ್ಲಿ ಕೊಕ್ಕರೆ, ಹೆಂಡತಿಗೆ ನಗು.
ಕಾಫಿಗೆ ಬೆಲ್ಲ ಬಿಟ್ಟ ಮೊದಲ ವಾರ ಕಷಾಯ ಕುಡಿದ ಹಾಗಿತ್ತು.
ಎರಡು ತಿಂಗಳಿಗೆ ಕಾಫಿಯ ರುಚಿ ಗೊತ್ತಾಯಿತು,
ಐವತ್ನಾಲ್ಕನೇ ವಯಸ್ಸಿಗೆ,
ಕಾಫಿ ನಾಡಿನಲ್ಲೇ ಹುಟ್ಟಿ.
ರಾತ್ರಿ ಅಂಗಾಲು ತಿರುಗಿಸಿ ದೀಪಕ್ಕೆ ಹಿಡಿಯುತ್ತೇನೆ.
ಜಿಗಣೆ ಕಚ್ಚಿದರೆ ಭಯವಿಲ್ಲ,
ಕಚ್ಚಿದ್ದು ತಿಳಿಯದಿದ್ದರೆ ಭಯ.

ಮಾಚಯ್ಯನವರ ಮನೆಯಲ್ಲಿ ದೇಚವ್ವ
ಕಡಂಬಿಟ್ಟು ಎಣಿಸಿ ಬಡಿಸುತ್ತಾರಂತೆ, ಮೂರು.
ನಾಲ್ಕನೆಯದನ್ನು ಇವರು ಅಡಿಗೆಮನೆಯಲ್ಲಿ ನಿಂತು ತಿನ್ನುತ್ತಾರೆ.
ನನಗೆ ಹೇಳಿದ್ದಾರೆ. ನಾನು ಯಾರಿಗೂ ಹೇಳಿಲ್ಲ.

ಈ ಪುತ್ತರಿಗೆ ಅಳೆದೆ. ಕಾಲು ಇಂಚು ಕಡಿಮೆ.
ಕಾಲು ಇಂಚಿಗೆ ಯಾರೂ ಬಟ್ಟೆ ಹಿಡಿಸುವುದಿಲ್ಲ.
ಆದರೂ ಅಳಿಸಿದೆ, ಬರೆದೆ.
ಹೋದ ಸಲ ಕಂಕುಳ ಕೆಳಗೆ ಇಟ್ಟ ಪಟ್ಟಿ ಹಾಗೇ ಇದೆ,
ಬಿಸಿಲಿಗೆ ಹಿಡಿದರೆ ಬೇರೆ ಕರಿ ಎಂದು ಕಾಣುತ್ತದೆ.
ಕುಣಿಯುವಾಗ ಯಾರು ನೋಡುತ್ತಾರೆ.

ಒಂದು ಗುಟ್ಟು: ಟೇಪಿನೊಳಗೆ ಯಾವಾಗಲೂ
ನನ್ನ ಎರಡು ಬೆರಳಿರುತ್ತವೆ.
ಉಸಿರಾಡಲು ಅಷ್ಟು ಜಾಗ, ಊಟಕ್ಕೆ ಅಷ್ಟು,
ಮಾನಕ್ಕೆ ಅಷ್ಟು.
ನನ್ನ ಸೊಂಟ ಮಾತ್ರ ಆ ಪುಸ್ತಕದಲ್ಲಿ ಎಂದೂ ಇರಲಿಲ್ಲ.
ನಿನ್ನೆ ಷಟರು ಎಳೆದ ಮೇಲೆ ಕುಂಞಾಯಿಸಳ ಕೈಗೆ ಟೇಪು ಕೊಟ್ಟೆ.
ನೋಡಿ ನೋಡಿ ಕಲಿತವಳು, ಬೆರಳಿಟ್ಟೇ ಸುತ್ತಿದಳು.
"ಬೆರಳು ತೆಗಿ," ಅಂದೆ.
ತೆಗೆದಳು.
ಹೇಳಲಾ ಬೇಡವಾ ಎಂದು
ನನ್ನ ಮುಖ ನೋಡಿದಳು.
ಪೆನ್ಸಿಲು ಹುಡುಕುತ್ತಿದ್ದೆ ನಾನು,
ಅದು ನನ್ನ ಕಿವಿಯ ಮೇಲೇ ಇತ್ತು.